ಇಳಿಜಾರಿನ ಉಳಿತಾಯ

"ಉಸಿರು ನೆಟ್ಟಗೆ ಬಿಡೇ ಮುಂಡೇದೆ, ಸಾಹೇಬ್ರಿಗೆ ಎಣಿಸೋಕಾಗ್ತಿಲ್ಲ!" ಮೇಸ್ತ್ರಿ ನನ್ನ ಮಗಳ ಮೇಲೆ ಕೂಗಿದ.

ಬೆಟ್ಟದ ಬುಡದ ಅಂಗಳ, ಸಮತಟ್ಟಾದ ನೆಲ. ಮಗಳು ಬೆನ್ನ ಮೇಲೆ ಸಿಮೆಂಟಿನ ಮೂಟೆ ಹೊತ್ತು ಗಾಣದ ಎತ್ತಿನಂತೆ ಸುತ್ತುತ್ತಿದ್ದಳು. ಹೊಸ ಅಧಿಕಾರಿ ಕುರ್ಚಿಯಲ್ಲಿ ಕೂತು, ಗಡಿಯಾರ ನೋಡುತ್ತ ಅವಳ ಉಸಿರು ಎಣಿಸುತ್ತಿದ್ದ. ಬೆಟ್ಟದ ತುದಿಯಲ್ಲಿ ಏಳುತ್ತಿದ್ದ ಅತಿಥಿಗೃಹಕ್ಕೆ ಹೊರುವ ನಮಗೆ ಮಧ್ಯಾಹ್ನ ಎರಡು ಸೌಟು ಅನ್ನ ಹಾಕುತ್ತಿದ್ದರು. ಅದು ಹೆಚ್ಚಾಯಿತೇನೋ ಎಂದು ಈ ಪರೀಕ್ಷೆ; ಉಸಿರು ಏರಿದಷ್ಟೇ ಅನ್ನ ಎಂಬ ಲೆಕ್ಕ. ಮಗಳು ಜ್ವರದಿಂದ ಎದ್ದು ನಾಲ್ಕೇ ದಿನವಾಗಿತ್ತು. ಅವಳ ಜೀವ ನಿಂತಿದ್ದುದು ಆ ಎರಡನೆಯ ಸೌಟಿನ ಮೇಲೆ.

"ಒಂದು ಸೌಟು ಸಾಕು," ಅಧಿಕಾರಿ ಬರೆದುಕೊಂಡ.

ನಾನು ಕೈಮುಗಿದೆ. "ಸ್ವಾಮಿ, ಇದು ಅಂಗಳ. ನಾವು ಹತ್ತೋದು ಬೆಟ್ಟ."

"ಹತ್ತಿದ ಮೇಲೆ ಇಳೀತೀರಲ್ಲಯ್ಯಾ? ಹತ್ತುವಾಗ ಹೋದ ಶಕ್ತಿ ಇಳಿಯುವಾಗ ಉಳಿಯುತ್ತೆ. ಎರಡೂ ಸರಿಹೋಯ್ತು."

"ಹಂಗಾದ್ರೆ ಬಿಟ್ಟ ಉಸಿರು ಎಳ್ಕೊಂಡಾಗ ವಾಪಸ್ ಬರುತ್ತೆ. ಅನ್ನಾನೇ ಬೇಡ ಬಿಡಿ!" ಸಾಲಿನಲ್ಲಿದ್ದ ಗಯ್ಯಾಳಿ ಅಕ್ಕ ಅಂದಳು. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕ. ಬರೆದದ್ದನ್ನು ಮಾತ್ರ ಹೊಡೆದುಹಾಕಲಿಲ್ಲ.

ಇಳಿಜಾರು ಏನನ್ನೂ ಹಿಂದಕ್ಕೆ ಕೊಡುವುದಿಲ್ಲ. ಏರು ಎದೆಯನ್ನು ತಿಂದರೆ ಇಳಿಜಾರು ಮೊಣಕಾಲನ್ನು ತಿನ್ನುತ್ತದೆ. ಇಳಿಯುವಾಗ ನಮ್ಮ ಬೆನ್ನು ಖಾಲಿಯೂ ಇರುತ್ತಿರಲಿಲ್ಲ; ತುದಿಯಲ್ಲಿ ಒಡೆದ ಕಲ್ಲಿನ ಬುಟ್ಟಿ ಇರುತ್ತಿತ್ತು.

ಒಂದೇ ಸೌಟಿನ ಮೂರನೆಯ ದಿನ ಇಳಿಯುತ್ತಿದ್ದಾಗ ಮಗಳು ನಿಂತಳು.

"ಅಪ್ಪಾ, ಕಾಲು ನನ್ನ ಮಾತು ಕೇಳ್ತಿಲ್ಲ."

"ದೇವರ ಹೆಸರು ಹೇಳ್ಕೊಂಡು ಹೆಜ್ಜೆ ಇಡು, ನನ್ನವ್ವ."

ಹೇಳಿದಳು. ಮೂರನೆಯ ಸಲ ಹೇಳುವಾಗ ಮೊಣಕಾಲು ಮಡಚಿತು. ಬುಟ್ಟಿ ಉರುಳಿತು, ಅದರ ಹಿಂದೆ ಅವಳು. ನಾನು ಮುಟ್ಟುವ ಹೊತ್ತಿಗೆ ಅವಳಲ್ಲಿ ಎಣಿಸಲು ಉಸಿರಿರಲಿಲ್ಲ.

ಮೇಸ್ತ್ರಿ ಬಂದು ಬಗ್ಗಿ ನೋಡಿದ. "ಹೋದ್ಲಾ? ಕೆಳಗೆ ಹೊತ್ಕೊಂಡ್ಹೋಗಿ ಗೇಟಿನಾಚೆ ಮಲಗಿಸು. ಮೇಲೆ ಸಾಹೇಬ್ರು ಊಟಕ್ಕೆ ಕೂತವ್ರೆ, ಗೋಳಾಟ ಕೇಳಿಸಬಾರದು."

ಮೂಟೆಯ ಹಗ್ಗದಿಂದಲೇ ಅವಳನ್ನು ಬೆನ್ನಿಗೆ ಕಟ್ಟಿಕೊಂಡೆ. ಮೂಟೆಗಿಂತ ಹಗುರವಾಗಿದ್ದಳು. ಮೇಲಕ್ಕೆ ತಿರುಗಿದೆ.

"ಏ ಮುದುಕ, ದಾರಿ ಕೆಳಗೈತೆ! ಬೋಳಿಮಗನೆ, ಕಿವಿ ಸತ್ತೈತಾ?"

ಹತ್ತು ಹೆಜ್ಜೆಗೊಮ್ಮೆ ನಿಂತೆ, ಆಮೇಲೆ ಐದಕ್ಕೊಮ್ಮೆ. ಕಣ್ಣು ಕತ್ತಲಿಟ್ಟಿತು. ದೇವರನ್ನು ಕರೆಯಲು ಬಾಯಿ ತೆರೆದರೆ ಗಾಳಿ ಸಾಲಲಿಲ್ಲ. ಆಗ ಯಾರೋ ಹಿಂದಿನಿಂದ ನನ್ನ ಸೊಂಟಕ್ಕೆ ಕೈ ಕೊಟ್ಟು ನೂಕಿದರು. ಅಕ್ಕ.

"ನಡಿ ಅಣ್ಣ, ನಾನಿದ್ದೀನಿ."

ಅವಳ ಹಿಂದೆ ಸಾಲಿಗೆ ಸಾಲೇ ಮೂಟೆ ಹೊತ್ತು ಬರುತ್ತಿತ್ತು.

ಮುಗಿದಿದ್ದ ಒಂದೇ ಕೋಣೆಯಲ್ಲಿ ಉದ್ದದ ಮೇಜು ಹಾಕಿದ್ದರು. ನಾನು ಹಗ್ಗ ಬಿಚ್ಚಿ ಮಗಳನ್ನು ತಟ್ಟೆಗಳ ನಡುವೆ ಮಲಗಿಸಿದೆ.

"ಹುಚ್ಚು ಹಿಡಿದಿದೆಯೇನೋ ನಿನಗೆ?" ಅಧಿಕಾರಿ ಎಗರಿ ಎದ್ದ. ಅವನ ಕುರ್ಚಿಯಲ್ಲಿ ನಾನು ಕೂತೆ. ಅದನ್ನೂ ನಾವೇ ಹೊತ್ತು ತಂದದ್ದು. ಅದರಲ್ಲಿ ಕೂತದ್ದು ಅಂದೇ ಮೊದಲು. ಹಿಂದೆಯೇ ಓಡಿಬಂದಿದ್ದ ಮೇಸ್ತ್ರಿ ನನ್ನ ರಟ್ಟೆ ಹಿಡಿದು ಎಳೆದ. ನಾನು ಮಗಳ ಪಾದ ಹಿಡಿದುಕೊಂಡು ಕೂತೇ ಇದ್ದೆ.

ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅಕ್ಕ ಮೊದಲ ಮೂಟೆಯನ್ನು ಹೊಸ್ತಿಲ ಮೇಲೆ ಕೆಡವಿದಳು. ಹಿಂದಿನವನು ಅದರ ಮೇಲೆ ತನ್ನದನ್ನು ಕೆಡವಿದ. ಮೂಟೆಯ ಮೇಲೆ ಮೂಟೆ ಏರುತ್ತ ಹೋಯಿತು, ಒಳಗಿನ ಬೆಳಕು ಇಳಿಯುತ್ತ ಬಂತು.