ಪುಷ್ಯ ಮಳೆಯ ಕಬ್ಬು

ನಾನು ಬರೆದ ಪ್ರೋಗ್ರಾಮಿನ ಹದಿನೇಳನೇ ಸಾಲನ್ನು ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರೂರುತ್ತದೆ. ವಾಂತಿಗೆ ಮುಂಚೆ ಊರುತ್ತದಲ್ಲ, ಆ ನೀರು.

ಸಾಲು ತೀರಾ ಚಿಕ್ಕದು. ನಾಟಿಯ ತಾರೀಖು ಓದಲು ಬಾರದಿದ್ದರೆ ಇವತ್ತಿನ ತಾರೀಖು ಹಾಕು ಎಂದು ಅದರ ಅರ್ಥ. ಬರೆದವಳು ನಾನು, ಶೇಡಬಾಳದ ರಾಜಮತಿ. ಚಿಕ್ಕೋಡಿಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಂಪನಿ. ಮಾಲೀಕ ನಿಪ್ಪಾಣಿಯ ಅಭಿನಂದನ. ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ನೋಂದಣಿ ನೋಡಿಕೊಳ್ಳುವ ಕೆಲಸ ನಮ್ಮದು. ಕಾರ್ಖಾನೆಯ ಹೆಸರು ಬೇಡ ಬಿಡಿ.

ಕಬ್ಬಿನ ಕಟಾವಿಗೆ ಪಾಳಿ ಇರುತ್ತದೆ. ಮೊದಲು ನೆಟ್ಟವರದು ಮೊದಲು ಕಡಿಯಬೇಕು. ಪಾಳಿ ತಪ್ಪಿದರೆ ಹದಿನಾರು ತಿಂಗಳು ಬೆಳೆದ ಕಬ್ಬು ಹೂ ಬಿಟ್ಟು ಒಳಗೆ ಬೆಂಡಾಗುತ್ತದೆ. ಹೀಗಾಗಿ ನಾಟಿಯ ದಿನ ಎನ್ನುವುದು ಇಲ್ಲಿ ಹುಟ್ಟಿದ ದಿನಕ್ಕಿಂತ ದೊಡ್ಡದು. ಆದರೆ ಕಾರ್ಖಾನೆಯ ಫೀಲ್ಡ್‌ಮನ್ ಹೊಲಕ್ಕೆ ಬಂದು ಯಾವಾಗ ನೆಟ್ಟಿರಿ ಎಂದು ಕೇಳಿದರೆ ಜುಲೈ ಇಪ್ಪತ್ತೆರಡು ಎನ್ನುವವರು ಕಡಿಮೆ. ಪುಷ್ಯ ಮಳೆ ಕೂಡಿದ ಮೂರನೇ ದಿನ ಎನ್ನುತ್ತಾರೆ. ಆಶ್ಲೇಷಾ ಹೋಗುವ ಮುಂದೆ ಎನ್ನುತ್ತಾರೆ. ಫೀಲ್ಡ್‌ಮನ್ ವಿರುಪಾಕ್ಷಪ್ಪ ಕಾಕಾ ಇಪ್ಪತ್ತೆಂಟು ವರ್ಷಗಳಿಂದ ಅದನ್ನು ಹಾಗೆಯೇ ಬರೆದುಕೊಂಡು ಬಂದವರು. ಕಂಪ್ಯೂಟರಿಗೂ ಹಾಗೆಯೇ ಹಾಕಿಸಿದರು.

ಕಂಪ್ಯೂಟರಿನಲ್ಲಿ ಇದ್ದದ್ದು ಡಾಕ್ಯುಮೆಂಟ್ ಡೇಟಾಬೇಸ್. ಒಬ್ಬೊಬ್ಬ ರೈತನಿಗೂ ಒಂದೊಂದು ದಾಖಲೆ, ಅದರೊಳಗೆ ಏನು ಹಾಕಿದರೂ ಅದು ಬೇಡ ಅನ್ನುವುದಿಲ್ಲ. ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ಪುಷ್ಯ ಮಳೆ, ಮತ್ತೊಂದರಲ್ಲಿ ಕಾರಹುಣ್ಣಿಮೆಯ ಮರುದಿನ. ನನಗಿಂತ ಮೊದಲು ಇದ್ದವನು ಮಳೆಗಳನ್ನೆಲ್ಲ ತಾರೀಖಿಗೆ ತಿರುಗಿಸುವ ಒಂದು ಕೋಷ್ಟಕ ಮಾಡಿಟ್ಟಿದ್ದ. ದಿನಾ ಬೆಳಗ್ಗೆ ಪಾಳಿಯ ಪಟ್ಟಿ ತೆಗೆಯುವ ಅವನ ಪ್ರೋಗ್ರಾಮು ಆ ಕೋಷ್ಟಕ ನೋಡಿಕೊಂಡು ಚೆನ್ನಾಗಿಯೇ ನಡೆದಿತ್ತು.

ಅಭಿನಂದನನಿಗೆ ಮಾತ್ರ ಅದನ್ನು ನೋಡಿದರೆ ಮೈಯೆಲ್ಲ ಉರಿ.

"ಇದೇನ ಡಾಟಾನೋ, ಗುರುವಾರದ ಸಂತಿನೋ? ಮ್ಯಾಪರ್ ಹಾಕು. ಎಲ್ಲಾ ಒಂದs ನಮೂನಿ ಇರಬೇಕ ನೋಡ."

ಮ್ಯಾಪರ್ ಎಂದರೆ ಡೇಟಾಬೇಸಿಗೂ ನಮ್ಮ ಪ್ರೋಗ್ರಾಮಿಗೂ ನಡುವೆ ಕೂರುವ ಸಾಧನ. ದಾಖಲೆಯನ್ನು ತೆಗೆದು ನಾವು ಕೊಟ್ಟ ಅಚ್ಚಿನಲ್ಲಿ ಸುರಿದು ಕೊಡುತ್ತದೆ, ಬೆಲ್ಲದ ಅಚ್ಚಿನ ಹಾಗೆ. ಉಳಿಸು ಎಂದಾಗ ಅಚ್ಚಿನಲ್ಲಿ ಕೂತಷ್ಟನ್ನು ಮಾತ್ರ ಮರಳಿ ಬರೆಯುತ್ತದೆ. ರೈತರು ಪಾಳಿ ವಿಚಾರಿಸಲು ಬರುವ ಕೌಂಟರಿನ ಹೊಸ ಪ್ರೋಗ್ರಾಮಿಗೆ ನಾನು ಆ ಅಚ್ಚು ಮಾಡಿದೆ. ನಾಟಿ ಎಂಬಲ್ಲಿ ತಾರೀಖೇ ಇರಬೇಕು ಎಂದು ಬರೆದೆ. ಪುಷ್ಯ ಮಳೆ ತಾರೀಖಲ್ಲವಲ್ಲ, ಪರದೆಯ ತುಂಬ ಕೆಂಪು ಅಕ್ಷರದ ದೂರುಗಳು. ಅಭಿನಂದನ ಹಿಂದೆ ನಿಂತು ಚೀರಾಡಿದ. ಐದೂವರೆಯ ಬಸ್ಸು ತಪ್ಪೀತು ಎಂದು ಹದಿನೇಳನೇ ಸಾಲು ಬರೆದೆ. ಕೆಂಪೆಲ್ಲ ಮಾಯವಾಯಿತು. ಅಭಿನಂದನ ಖಾರದ ಭಡಂಗ ಚುರಮುರಿ ತರಿಸಿ ಎಲ್ಲರಿಗೂ ಹಂಚಿದ.

ನಾನು ಹುಟ್ಟಿ ಬೆಳೆದದ್ದು ಹೊಲದ ಮನೆಯಲ್ಲಿ. ನನ್ನ ತಂಗಿ ಹುಟ್ಟಿದ್ದು ಯಾವಾಗ ಎಂದರೆ ಅವ್ವ ಇವತ್ತಿಗೂ ಮಘಾ ಮಳೆಯಾಗ ಎನ್ನುತ್ತಾಳೆ. ದಾಖಲೆಯಲ್ಲಿ ಮಳೆಯ ಹೆಸರು ನೋಡಿದಾಗ ನನಗೆ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ನಾಳೆ ನೋಡಿದರಾಯಿತು ಎಂದು ಬಸ್ಸು ಹತ್ತಿದೆ.

ಹಂಗಾಮು ಶುರುವಾದ ಮೇಲೆ ಕಾರ್ಖಾನೆಯ ರಾಯಬಾಗದ ಕಚೇರಿಯ ಕೌಂಟರಿನಲ್ಲಿ ನನ್ನನ್ನು ಕೂರಿಸಿದರು. ಎರಡನೇ ದಿನ ಅಲಖನೂರದ ಸತ್ತೆವ್ವ ಬಂದಳು. ಅರವತ್ತು ದಾಟಿದ ಹೆಂಗಸು. ಎರಡು ಎಮ್ಮೆ, ಏಳೆಂಟು ಆಡು, ಮೂವತ್ತು ಗುಂಟೆ ಕಬ್ಬು, ಅಷ್ಟು ಅವಳ ಬದುಕು.

"ಯವ್ವಾ, ನನ್ನ ಪಾಳಿ ಎಂದ ಬರತೈತಿ ನೋಡ."

ದಾಖಲೆ ತೆರೆದೆ. ಅಂದಿನ ಪಟ್ಟಿಯಲ್ಲಿ ಇನ್ನೂರಾ ಹನ್ನೊಂದನೆಯವಳು.

"ಇನ್ನ ಹದಿನೈದ ದಿನಾ, ಆಯಿ. ಆದ್ರೂ ವಾರಕ್ಕೊಮ್ಮೆ ಬಂದ ಕೇಳ್ತಾ ಇರು. ಕೇಳದಿದ್ರ ಇಲ್ಲೆ ಮಂದಿ ಅಡ್ಡ ಹೊಕ್ಕ ಮುಂದ ಹೋಗ್ತಾರ."

ಬಡವರ ಪರವಾಗಿ ಮಾತಾಡಿದೆ ಎಂದು ಅವತ್ತು ಎಷ್ಟು ಹಿಗ್ಗಿದ್ದೆ ನಾನು!

ವಾರ ಬಿಟ್ಟು ಬಂದಳು. ಪರದೆಯಲ್ಲಿ ನಾಲ್ಕು ಸಾವಿರದ ಎಂಟುನೂರಾ ಆರು. ಪಟ್ಟಿಯ ಬಾಲದಲ್ಲಿದ್ದಳು. ಅದೇ ಹೊತ್ತಿಗೆ ಅವಳ ಹೊಲದ ಪಕ್ಕದ ಬಾಬಾಸಾಹೇಬನ ಕಬ್ಬು ಕಡಿಯಲು ಗ್ಯಾಂಗು ಇಳಿದಿತ್ತು. ಅವನು ನೆಟ್ಟದ್ದು ಅವಳಿಗಿಂತ ಹತ್ತು ದಿನ ತಡವಾಗಿ. ದ್ರಾಕ್ಷಿ ತೋಟ ಇರುವ ದೊಡ್ಡ ಕುಳ, ಯಾರಿಗೋ ತಿನ್ನಿಸಿದ್ದಾನೆ ಎಂದು ನಾನು ಹಲ್ಲು ಕಡಿದೆ. ಗುಮಾಸ್ತರನ್ನೆಲ್ಲ ಮನಸ್ಸಿನಲ್ಲೇ ಬೈದು ಹಾಕಿದೆ.

ವಿರುಪಾಕ್ಷಪ್ಪ ಕಾಕಾ ನಾಲ್ಕು ದಿನ ಸುಮ್ಮನೆ ನೋಡಿ ಕಡೆಗೆ ಕೌಂಟರಿನ ಹತ್ತಿರ ಬಂದರು.

"ತಂಗಿ, ನಾ ಲಕ್ಷ ಇಟ್ಟ ನೋಡೇನಿ. ನಿನ್ನ ಕಡೆ ಬಂದ ಕೇಳಿದವರದs ಪಾಳಿ ಹಿಂದ ಹೋಗಾಕತ್ತೈತಿ. ಕೇಳದವರದು ಎಲ್ಲಿತ್ತೋ ಅಲ್ಲೇ ಐತಿ. ಇದ್ಯಾವ ನ್ಯಾಯ?"

ಅವರು ಹೋದ ಮೇಲೆ ಒಂದು ದಾಖಲೆಯನ್ನು ಮ್ಯಾಪರ್ ಇಲ್ಲದೆ ನೇರವಾಗಿ ಡೇಟಾಬೇಸಿನಲ್ಲಿ ನೋಡಿದೆ. ಪುಷ್ಯ ಮಳೆ ಎಂದಿತ್ತು. ಕೌಂಟರಿನ ಪ್ರೋಗ್ರಾಮಿನಲ್ಲಿ ಅದನ್ನೇ ತೆರೆದು ಮುಚ್ಚಿದೆ. ಮತ್ತೆ ನೇರವಾಗಿ ನೋಡಿದೆ. ಪುಷ್ಯ ಮಳೆ ಇರಲಿಲ್ಲ. ಅವತ್ತಿನ ತಾರೀಖು ಕೂತಿತ್ತು.

ಎಷ್ಟು ಜನ ವಿಚಾರಿಸಿದರು ಎಂದು ಕಾರ್ಖಾನೆಗೆ ತೋರಿಸಲು ಅಭಿನಂದನ ಒಂದು ವ್ಯವಸ್ಥೆ ಮಾಡಿಸಿದ್ದ. ದಾಖಲೆ ತೆರೆದಾಗಲೆಲ್ಲ ತೆರೆದ ಹೊತ್ತು ಬರೆದು ಇಡೀ ದಾಖಲೆಯನ್ನು ಉಳಿಸಬೇಕು. ಉಳಿಸಿದಾಗಲೆಲ್ಲ ನನ್ನ ಹದಿನೇಳನೇ ಸಾಲು ಮಳೆಯನ್ನು ಒರೆಸಿ ಇವತ್ತು ನೆಟ್ಟ ಕಬ್ಬು ಎಂದು ಬರೆಯುತ್ತಿತ್ತು. ಮರುದಿನ ಬೆಳಗಿನ ಪಟ್ಟಿ ಅದನ್ನೇ ನಂಬಿ ಆ ರೈತನನ್ನು ಬಾಲಕ್ಕೆ ಹಾಕುತ್ತಿತ್ತು. ಬಾಬಾಸಾಹೇಬ ಯಾರಿಗೂ ಏನೂ ತಿನ್ನಿಸಿರಲಿಲ್ಲ. ಅವನು ನನ್ನ ಕೌಂಟರಿಗೆ ಬಂದಿರಲಿಲ್ಲ, ಅಷ್ಟೇ. ಬಸ್ಸಿಗೆ ದುಡ್ಡು ಹಾಕಿಕೊಂಡು ಬಂದು, ಸಾಲಿನಲ್ಲಿ ನಿಂತು, ಯವ್ವಾ ನೋಡ ಎಂದವರನ್ನೆಲ್ಲ ನಾನು ಒಬ್ಬೊಬ್ಬರನ್ನಾಗಿ ಹಿಂದಕ್ಕೆ ತಳ್ಳಿದ್ದೆ. ಎಣಿಸಿದೆ. ಒಂದು ಸಾವಿರದ ಮುನ್ನೂರಾ ನಲವತ್ತು ಜನ.

ಹೆಸರುಗಳ ಪಟ್ಟಿ ತೆಗೆದುಕೊಂಡು ಚಿಕ್ಕೋಡಿಗೆ ಹೋದೆ. ಅಭಿನಂದನ ಚುರಮುರಿ ತಿನ್ನುತ್ತಿದ್ದ. ಎಲ್ಲ ಕೇಳಿದ ಮೇಲೆ ಅವನ ಮೊದಲ ಪ್ರಶ್ನೆ ಇದು:

"ಎಷ್ಟ ಮಂದಿಗೆ ಗೊತ್ತೈತಿ?"

"ವಿರುಪಾಕ್ಷಪ್ಪ ಕಾಕಾಗ ಸಂಶೇ ಐತ್ರಿ. ಕಾರಣ ನನಗೊಬ್ಬಾಕಿಗೆ ಗೊತ್ತು."

"ಛಲೋ ಆತು. ಹಂಗಾಮ ಮುಗೀಲಿ, ಆಮ್ಯಾಗ ಹಗೂರಕ ಸರಿ ಮಾಡೂಣು. ಈಗ ತಾರೀಖ ತಿದ್ದಿದ್ರ ಯಾರ ತಿದ್ದಿದ್ರು, ಯಾಕ ತಿದ್ದಿದ್ರು ಎಲ್ಲಾ ಕಾರ್ಖಾನಿಯವರಿಗೆ ಕಾಣಸ್ತೈತಿ. ಮುಂದಿನ ವರ್ಷದ ಕೆಲಸಾ ಕೈ ಬಿಟ್ಟ ಹೋಗತೈತಿ."

"ಅಷ್ಟರಾಗ ಕಬ್ಬ ಬೆಂಡ ಆಗತೈತ್ರಿ ಸರ್."

"ಜೋರ ಮಾಡಿದವರದ ಅಷ್ಟ ನೋಡೂಣು. ಉಳಿದವರಿಗೆ ಸರ್ವರ್ ಬಂದ್ ಐತಿ ಅನ್ನು."

ಹಾಗೆಂದವನು ಎಣ್ಣೆ ಮೆತ್ತಿದ ಬೆರಳುಗಳನ್ನು ನಾನು ತಂದ ಪಟ್ಟಿಗೆ ಒರೆಸಿಕೊಂಡ. ಎಷ್ಟು ಹೊಲಸು ಅನ್ನಿಸಿತು ಎಂದರೆ, ಎದ್ದು ಅವನ ಮೋರೆಗೆ ಉಗುಳಬೇಕೆನ್ನಿಸಿತು. ಉಗುಳಲಿಲ್ಲ. ಹೂಂ ರೀ ಸರ್ ಎಂದೆ. ನನ್ನ ಬಾಯಿಂದ ಬಂದ ಆ ಮಾತು ಅವನ ಬೆರಳಿಗಿಂತ ಹೊಲಸಾಗಿತ್ತು.

ಒಂಬತ್ತು ದಿನ ನಾನು ಕೌಂಟರಿನಲ್ಲಿ ಕೂತು ಸುಳ್ಳು ಹೇಳಿದೆ. ಸತ್ತೆವ್ವನಿಗೂ ಹೇಳಿದೆ.

"ಸರ್ವರ್ ಬಂದ್ ಐತಿ, ಆಯಿ."

"ಹೌದಾ? ಪಾಪ, ಎಂದ ನೆಟ್ಟಗ ಆದೀತು?" ಎಂದು ಕೇಳಿದಳು, ಮನೆಯಲ್ಲಿ ಯಾರಿಗೋ ಜಡ್ಡು ಬಂದಿದೆ ಎನ್ನುವ ಹಾಗೆ. "ಕಬ್ಬಿಗೆ ಹೂ ಬಂದೈತಿ ಯವ್ವಾ. ಮುರದ ನೋಡಿದ್ರ ಒಳಗ ಹತ್ತಿ ಅರಳಿ ಹಂಗ ಆಗೈತಿ." ಉಡಿಯಿಂದ ಸುಲಗಾಯಿಯ, ಅಂದರೆ ಹಸಿ ಕಡಲೆಯ, ಎರಡು ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದಳು. ನಾನು ಅವನ್ನು ಬಿಡಿಸಿ ಬಿಡಿಸಿ ತಿಂದೆ. ರುಚಿಯಾಗಿಯೂ ಇದ್ದವು.

ಹತ್ತನೆಯ ದಿನ ಮಧ್ಯಾಹ್ನ ವಿರುಪಾಕ್ಷಪ್ಪ ಕಾಕಾ ಒಳಗೆ ಬಂದರು. ಬಿಳಿ ಅಂಗಿಯ ಹೆಗಲ ಮೇಲೆ ಕರಿ ಬೂದಿ.

"ಸತ್ತೆವ್ವನ ಕಬ್ಬ ಸುಟ್ಟ ಹೋಗೈತಿ."

ಬೆಂಕಿ ಬಿದ್ದ ಕಬ್ಬು ಮೂರ್ನಾಲ್ಕು ದಿನದಲ್ಲಿ ಗಾಣ ಸೇರದಿದ್ದರೆ ಕೆಡುತ್ತದೆ. ಅದಕ್ಕೇ ಕಾರ್ಖಾನೆ ಸುಟ್ಟ ಕಬ್ಬನ್ನು ಪಾಳಿ ನೋಡದೆ ಮೊದಲು ಒಯ್ಯುತ್ತದೆ, ದರ ಮುರಿದು. ಪಾಳಿಯ ಆಸೆ ಸತ್ತವರು ಏನು ಮಾಡುತ್ತಾರೆ ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

"ಯಾರ ಹಚ್ಚಿದ್ರು, ಕಾಕಾ?"

ಅವರು ಬಾಗಿಲ ಕಡೆ ನೋಡಿದರು. ಸತ್ತೆವ್ವ ಚಪ್ಪಲಿ ಹೊರಗೆ ಬಿಡುತ್ತಿದ್ದಳು. ಹುಬ್ಬು ಸುಟ್ಟು ಮೊಂಡಾಗಿದ್ದವು. ಸೀರೆಯ ಅಂಚಿನಲ್ಲಿ ಕೈ ತೂರುವಷ್ಟು ತೂತು.

"ಈಗರ ಪಾಳಿ ಬಂತೇನ ನೋಡ ಯವ್ವಾ."

ಸುಟ್ಟ ಕಬ್ಬಿನ ಅರ್ಜಿ ತುಂಬಿದೆ. ಪಾಳಿ ಒಂದು ಎಂದು ಬಂತು. ಬೆಂಕಿಯ ಕಾರಣ ಎಂಬಲ್ಲಿ ನಾನು ಏನೂ ಬರೆಯಲಿಲ್ಲ. ಮ್ಯಾಪರ್ ತಾನೇ ತುಂಬಿಕೊಂಡಿತು: ವಿದ್ಯುತ್ ತಂತಿ. ಯಾವ ಜಾಗವೂ ಖಾಲಿ ಇರಬಾರದೆಂದು ಅದನ್ನೂ ನಾನೇ ಬರೆದಿಟ್ಟಿದ್ದೆ. ಚಿಕ್ಕೋಡಿಯಲ್ಲಿ ಕೂತು ತನ್ನ ಪರದೆ ನೋಡುತ್ತಿದ್ದ ಅಭಿನಂದನನ ಫೋನು ಬಂತು.

"ನೋಡಿದೇನ? ಸುಟ್ಟ ಕಬ್ಬ ತಾನs ಮ್ಯಾಲ ಬಂತು. ಸಿಸ್ಟಿಮ್ ಬರೋಬ್ಬರಿ ನಡದೈತಿ."

ಫೋನು ಇಟ್ಟು ಮ್ಯಾಪರನ್ನು ಬದಿಗೆ ಸರಿಸಿ ನೇರವಾಗಿ ಅವಳ ದಾಖಲೆ ತೆರೆದೆ. ಕಾಕಾ ಜೇಬಿನ ಡೈರಿ ನೋಡಿ ಹೇಳಿದರು. ನಾಟಿ: ಪುಷ್ಯ ಮಳೆ ಕೂಡಿದ ಮೂರನೇ ದಿನ. ಕಾರಣ ಎಂಬಲ್ಲಿ ವಿದ್ಯುತ್ ತಂತಿ ಅಳಿಸಿ ನನ್ನ ಹೆಸರು ಹಾಕಿದೆ. ಕಾರ್ಖಾನೆಯವರು ನೋಡಲಿ, ನನ್ನನ್ನು ತೆಗೆದರೆ ತೆಗೆಯಲಿ. ಹದಿನೇಳನೇ ಸಾಲನ್ನು ಅಳಿಸಿದೆ. ಉಳಿದ ಸಾವಿರದ ಮುನ್ನೂರು ಚಿಲ್ಲರೆ ಜನರ ನಾಟಿ ಬರೆದಿಟ್ಟ ಡೈರಿಗಳನ್ನೂ ತರಲು ಕಾಕಾಗೆ ಹೇಳಿದೆ. ಇದನ್ನೆಲ್ಲ ಒಂಬತ್ತು ದಿನ ಮೊದಲೇ, ಇದೇ ಕುರ್ಚಿಯಲ್ಲಿ, ಇದೇ ಕೈಗಳಿಂದ ಮಾಡಬಹುದಿತ್ತು.

"ಬಂತು, ಆಯಿ," ಎಂದೆ. "ನಾಳೆ ಗ್ಯಾಂಗ್ ಬರತೈತಿ."

ಸತ್ತೆವ್ವ ಮಸಿ ಮೆತ್ತಿದ ಕೈಯಿಂದ ನನ್ನ ಗಲ್ಲ ಸವರಿದಳು.

"ಪುಣ್ಯಾ ಬರಲಿ ನಿನಗ. ಕೇಳಾಕ ಬರ್ತಾ ಇರು ಅಂತ ನೀನs ಹೇಳಿದ್ದಿ. ನೀ ಹೇಳಿದ್ದಕ್ಕ ಬಂದೆ, ಇಲ್ಲಾಂದ್ರ ನನ್ನಂಥಾಕಿನ್ನ ಯಾರ ಕೇಳ್ತಿದ್ರು?"