ಬೆನ್ನ ಹಿಂದಿನ ಕೈಗಳು

ನಮ್ಮ ಸೋದರತ್ತೆ ನಡೆಯುವಾಗಲೂ ನಿಂತಾಗಲೂ ಎರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಇರುತ್ತಿದ್ದರು. ತನಿಖೆಗೆ ಬಂದ ಅಧಿಕಾರಿಣಿಯೆಂದು ತಿಳಿದು ಅಪರಿಚಿತರು ದಾರಿ ಬಿಡುತ್ತಿದ್ದುದೂ ಉಂಟು. ಆದರೆ ಮಕ್ಕಳ ಆಸ್ಪತ್ರೆಯಲ್ಲಿ ದಾದಿಯಾಗಿ ಆಯುಷ್ಯ ಸವೆಸಿದ ಅವರ ಕೈಗುಣ ಇಡೀ ಬೀದಿಗೆ ಗೊತ್ತಿತ್ತು. ಅವರು ಎತ್ತಿಕೊಂಡರೆ ಎಂಥ ರಚ್ಚೆ ಹಿಡಿದ ಕೂಸೂ ಸುಮ್ಮನಾಗುತ್ತಿತ್ತು. ಅಂಥ ಕೈಗಳಿಗೆ ಸೆರೆವಾಸ ವಿಧಿಸಿದ್ದು ಒಂದು ಹಕ್ಕಿಮರಿ.

ನಿವೃತ್ತರಾದ ಹೊಸತರಲ್ಲಿ, ಹಿತ್ತಿಲ ಗಿಡದ ಬುಡದಲ್ಲಿ ಕುಪ್ಪಳಿಸುತ್ತಿದ್ದ ಮರಿಯನ್ನು ಅನಾಥವೆಂದು ಬಗೆದು ಒಳಗೆ ತಂದರು. ಹತ್ತಿ ಹಾಸಿ ಮಲಗಿಸಿ, ವಾರ್ಡಿನ ಕೂಸಿಗೆ ಮಾಡುವಂತೆ ಹನಿಹನಿಯಾಗಿ ಹಾಲು ಬಿಟ್ಟರು. ಹಾಲು ಉಸಿರಿಗೆ ಸಿಕ್ಕಿ ಮರಿ ಸತ್ತಿತು; ಅಷ್ಟು ಹೊತ್ತೂ ತಾಯಿಹಕ್ಕಿ ಕಿಟಕಿಯಾಚೆ ಕೂಗುತ್ತಲೇ ಇತ್ತು. ಗರಿ ಬಲಿತ ಮರಿ ನೆಲಕ್ಕಿಳಿಯುವುದೇ ಹಾರಾಟದ ಓನಾಮವೆಂದು ಅವರಿಗೆ ಆಮೇಲೆ ತಿಳಿಯಿತು. "ತಾಯಿ ಇದ್ದ ಮಗೂನ ಕದ್ದುಬಿಟ್ಟೆ ಕಣೋ" ಎಂದು ನನ್ನೆದುರು ಒಮ್ಮೆ ಮಾತ್ರ ಅಂದರು.

ಅಂದಿನಿಂದ ನೆಲದಲ್ಲಿ ಮರಿ ಕಂಡವರೆಲ್ಲ ಅವರನ್ನೇ ಕೇಳುವಂತಾಯಿತು. ಗರಿಯಿಲ್ಲದ್ದಾದರೆ ಮೆಲ್ಲಗೆ ಎತ್ತಿ ಗೂಡಿಗೆ ಸೇರಿಸಿ, ಮನುಷ್ಯ ಮುಟ್ಟಿದನೆಂದು ಯಾವ ತಾಯಿಯೂ ಬಿಡುವುದಿಲ್ಲ ಎನ್ನುತ್ತಿದ್ದರು. ಗಾಯವಾಗಿದ್ದರೆ ಪಶುವೈದ್ಯರ ಬಳಿ ಓಡಿಸುತ್ತಿದ್ದರು. ಗರಿ ಬಂದ ಮರಿಯಾದರೆ ಮಾತ್ರ ತಾವೇ ಹೋಗಿ ದೂರದಲ್ಲಿ ನಿಂತು, ಮುಟ್ಟದೆ, ಉಣಿಸದೆ, ನೆರೆಮನೆಯ ಬೆಕ್ಕನ್ನು ಗದರುತ್ತ ಕಾಯುತ್ತಿದ್ದರು. ಆ ಬೆಕ್ಕಿಗೆ ಅವರೆಂದರೆ ಹಾವು ಮುಂಗುಸಿಯ ವೈರ.

ಅವರ ಒಬ್ಬಳೇ ಮಗಳು, ನನಗೆ ಅಕ್ಕ, ಗಂಡನನ್ನು ಕಳೆದುಕೊಂಡ ಅಪಘಾತದಲ್ಲಿ ಕಾಲನ್ನೂ ಊನ ಮಾಡಿಕೊಂಡು ತವರಿಗೆ ಬಂದಿದ್ದಳು. ಅತ್ತೆ ಅವಳ ತಲೆ ಬಾಚುವುದರಿಂದ ಹಿಡಿದು ಎಲ್ಲವನ್ನೂ ತಾವೇ ಮಾಡಿದರು. ಅವಳು ದಿನದಿನಕ್ಕೆ ಮಾತು ಕಡಿಮೆ ಮಾಡಿದಳು. ಕೊನೆಗೊಂದು ದಿನ ಪರವೂರಲ್ಲಿ ಕೆಲಸ ಸಿಕ್ಕಿದೆ, ಒಬ್ಬಳೇ ಇರುತ್ತೇನೆ ಎಂದಳು. ಅತ್ತೆ ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಅವಳ ಬಟ್ಟೆ ಮಡಿಸತೊಡಗಿದರು. ಹೆತ್ತ ಕರುಳು ಕಲ್ಲಾಯಿತೆಂದು ನೆಂಟರು ಆಡಿಕೊಂಡರು.

ಹೊರಡುವ ಬೆಳಿಗ್ಗೆ ಪೆಟ್ಟಿಗೆ ಎಳೆಯುತ್ತಿದ್ದ ಅಕ್ಕ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದಳು. ಅತ್ತೆಯ ಹಿಂದಿದ್ದ ನಾನು ಮುನ್ನುಗ್ಗಲು ಹೊರಟೆ.

"ಬಿಡು. ಏಳ್ತಾಳೆ" ಎಂದರು ಅತ್ತೆ.

ಅಕ್ಕ ಕಂಬ ಹಿಡಿದು ಎದ್ದಳು, ಸೀರೆಯ ಧೂಳು ಕೊಡವಿಕೊಂಡಳು, ಎಷ್ಟೋ ತಿಂಗಳ ಮೇಲೆ ತಾಯಿಯ ಮುಖ ನೋಡಿ ನಕ್ಕಳು.

ಕೈಚಾಚಿ ಕಾಪಾಡುವವರನ್ನು ಲೋಕ ಕೊಂಡಾಡುತ್ತದೆ. ಕೈಕಟ್ಟಿ ಕಾಯುವವರು ಎದುರಿನಿಂದ ನೋಡುವವರಿಗೆ ಕಲ್ಲಿನಂತೆಯೇ ಕಾಣುತ್ತಾರೆ. ನಾನು ಅಂದು ಹಿಂದೆ ನಿಂತಿದ್ದೆ. ಒಂದನ್ನೊಂದು ಬಿಗಿಹಿಡಿದ ಆ ಕೈಗಳು ಗಡಗಡ ನಡುಗುತ್ತಿದ್ದುದನ್ನು ನೋಡಿದ್ದೇನೆ.