ಕರಡು ಪ್ರಕಟವಾದ ದಿನ

ನಲವತ್ತೆರಡನೆಯ ಪುಟದಲ್ಲಿ ಕಂಸ ತೆರೆದಿದೆ, ಮುಚ್ಚಿಲ್ಲ, ಕೆಂಪು ಪೆನ್ನು ತಾನಾಗಿಯೇ ಅತ್ತ ಹೋಗುತ್ತಿದೆ, ಇರಲಿ, ಒಂದು ನಿಮಿಷ ತೆರೆದೇ ಇರಲಿ, ಇವತ್ತು ನನ್ನ ದಿನ — ಇಪ್ಪತ್ತೇಳು ವರ್ಷದಿಂದ ಈ ಮುದ್ರಣಾಲಯದಲ್ಲಿ ಕೂತು ಕಂಡವರ ಕರಡನ್ನೆಲ್ಲ ತಿದ್ದಿದವಳು, ನನ್ನ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಆಚೆ ಹೋಗಿಲ್ಲ, ಅಂಥವಳು ನಿನ್ನೆ ಸಂಜೆ ಬ್ಲಾಗಿನಲ್ಲಿ ‘ಉಳಿಸು’ ಒತ್ತುವ ಬದಲು ‘ಪ್ರಕಟಿಸು’ ಒತ್ತಿ ನನ್ನದೇ ಹಸಿ ಕರಡನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟೆ, ಮತ್ತು ಗೆದ್ದೆ, ಹೌದು, ಗೆದ್ದೆ, ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ ಇವತ್ತು ಬೆಳಿಗ್ಗೆ ಮಾತಾಡಿದ್ದಾಳೆ. ಬ್ಲಾಗು ಮಾಡಿಕೊಟ್ಟವಳು ಪಕ್ಕದ ಮೇಜಿನ ಟೈಪಿಸ್ಟು, ಮೇಡಂ ನೀವು ಪತ್ರಿಕೆಗೆ ಕಳ್ಸಿ ಮೂರು ತಿಂಗ್ಳು ಬಾಯ್ಬಿಟ್ಕೊಂಡು ಕಾಯ್ತೀರಲ್ಲ, ಇಲ್ಲಿ ಬರೀರಿ, ಬಿಸಿ ಬಿಸಿ ಬಡಿಸ್ಬಹುದು, ನಾನು ಮೂಗು ಮುರಿದಿದ್ದೆ, ಬಾಯಿಗೆ ಬಂದದ್ದೆಲ್ಲ ಬರಹವೇನಮ್ಮ, ಪ್ರಬಂಧ ಎಂದರೆ ಪೀಠಿಕೆ ಬೇಕು, ವಿಸ್ತಾರ ಬೇಕು, ಉಪಸಂಹಾರ ಬೇಕು, ಮೂರು ಸಲ ಚೊಕ್ಕ ಪ್ರತಿ ಮಾಡಬೇಕು, ಸ್ಟಾಂಪು ಅಂಟಿಸಿದ ಮರುಲಕೋಟೆ ಇಡಬೇಕು, ಆಮೇಲೆ ಸಂಪಾದಕರ ಕತ್ತರಿಗೆ ಕತ್ತು ಕೊಡಬೇಕು, ಎಂಥ ಜಂಬ ನನ್ನದು, ಆ ಜಂಬದಲ್ಲೇ ಅಲ್ಲವೇ ಅಕ್ಕನನ್ನು ಕಳೆದುಕೊಂಡದ್ದು.

ಅಮ್ಮ ತೀರಿಕೊಂಡ ವರ್ಷ ನಾನು ಬರೆದ ಪ್ರಬಂಧ, ಅಮ್ಮನ ಕೊನೆಯ ಚಳಿಗಾಲದ ಮೇಲೆ, ಸಂಪಾದಕರೇ ಫೋನ್ ಮಾಡಿದ್ದರು, ಒಂದಕ್ಷರ ಮುಟ್ಟಿಲ್ಲ ಕಣಮ್ಮ, ಅಷ್ಟು ಚೆನ್ನಾಗಿದೆ, ಚೆನ್ನಾಗಿಯೇ ಇತ್ತು, ಒಂದು ಮಂಚ, ಒಬ್ಬಳು ಅಮ್ಮ, ಪಕ್ಕದಲ್ಲಿ ಒಬ್ಬಳೇ ಮಗಳು, ಅಳತೆಗೆ ಹೊಲಿದ ಹಾಗೆ, ಇಬ್ಬರು ಮಕ್ಕಳನ್ನು ತಂದರೆ ಓಟ ಕೆಡುತ್ತಿತ್ತು, ಅದಕ್ಕೆ ಒಬ್ಬಳನ್ನು ತೆಗೆದೆ, ಐದು ತಿಂಗಳು ಅಮ್ಮನಿಗೆ ಔಷಧಿ ಕುಡಿಸಿ ಮೈ ಒರೆಸಿದ ಅಕ್ಕನನ್ನೇ ತೆಗೆದೆ, ಹೆಚ್ಚಾದ ಪದ ಹೊಡೆದುಹಾಕಿದಷ್ಟು ಸಲೀಸಾಗಿ — ಥೂ ನನ್ನ ಜನ್ಮಕ್ಕೆ. ಅಕ್ಕ ಒಂದೇ ಸಲ ಫೋನ್ ಮಾಡಿದಳು, ಚೆನ್ನಾಗಿ ಬರ್ದಿದ್ದೀಯ ಕಣೇ, ಆದ್ರೆ ಆ ಮನೇಲಿ ನಾನು ಇರ್ಲೇ ಇಲ್ವಾ, ಇಟ್ಟುಬಿಟ್ಟಳು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ಅಚ್ಚಾದರೆ ಇನ್ನೂ ಹೋಯಿತು, ಆ ಪುಟಕ್ಕೆ ಅವಳು ಎಲ್ಲಿ ಉತ್ತರ ಬರೆಯಬೇಕಿತ್ತು, ಅಂಚಿನಲ್ಲಿ ಬರೆದರೆ ಯಾರು ಓದುತ್ತಿದ್ದರು. ನಿನ್ನೆ ಆ ಪ್ರಬಂಧವನ್ನೇ ಬ್ಲಾಗಿಗೆ ಹಾಕೋಣವೆಂದು ಟೈಪು ಮಾಡುತ್ತಾ ಕೂತವಳು ನಡುವೆ ಕಂಸ ತೆರೆದು ನನಗೆ ನಾನೇ ಗುಟ್ಟು ಬರೆದುಕೊಂಡೆ, ಇದು ಸುಳ್ಳು, ಇಲ್ಲಿದ್ದವಳು ಅಕ್ಕ, ನಾನು ಹೋಗುತ್ತಿದ್ದದ್ದು ಭಾನುವಾರ ಮಾತ್ರ, ಧೈರ್ಯವಿದ್ದರೆ ಹಾಗೇ ಬರಿ, ಧೈರ್ಯವೆಲ್ಲಿತ್ತು, ನಾಳೆ ನೋಡೋಣವೆಂದು ಉಳಿಸಿ ಮಲಗಿದೆ, ಅಂದರೆ ಉಳಿಸಿದೆ ಎಂದುಕೊಂಡು ಮಲಗಿದೆ.

ಇವತ್ತು ಚೀಲ ಇಡುವ ಮೊದಲೇ ಟೈಪಿಸ್ಟು, ಮೇಡಂ, ಆ ಕಂಸದೊಳಗಿಂದು ಓದಿ ಬಸ್ಸಲ್ಲೇ ಅತ್ಬಿಟ್ಟೆ, ಯಾವ ಕಂಸ ಎಂದೆ, ಮೊಬೈಲು ತೆಗೆದರೆ ಇನ್ನೂರ ಹನ್ನೆರಡು ಜನ ಓದಿಯಾಗಿದೆ, ಮಾನ ಹರಾಜು, ಅಳಿಸು ಅಳಿಸು ಎಂದು ಬೆರಳು ಕೆಳಗೆ ಜಾರಿಸಿದರೆ ಅಲ್ಲಿ ಒಂದೇ ಒಂದು ಪ್ರತಿಕ್ರಿಯೆ, ಹೆಸರಿನ ಜಾಗದಲ್ಲಿ ‘ಅಕ್ಕ’ ಎಂದಷ್ಟೇ, ಇಷ್ಟು ದೊಡ್ಡ ಲೋಕದಲ್ಲಿ ಹಾಗೆ ಬರೆದುಕೊಳ್ಳುವ ಹಕ್ಕು ಇನ್ಯಾರಿಗಿದೆ, ಕುರ್ಚಿ ಹಿಡಿದುಕೊಂಡು ಓದಿದೆ, ಬೈದಿರುತ್ತಾಳೆ, ಬೈಯಲಿ — ಭಾನುವಾರ ಮಾತ್ರ ಅಂತ ಬರ್ದಿದ್ದೀಯ, ತಪ್ಪು, ನೀನು ಗುರುವಾರ ಸಂಜೇನೂ ಬರ್ತಿದ್ದೆ, ಅಮ್ಮಂಗೆ ತಲೆ ಬಾಚೋಕೆ, ನಾನು ಬಾಚಿದ್ರೆ ಎಳೀತೀಯ ಅಂತ ಬೈತಿದ್ಲು, ನಿಂಗೇ ಕಾಯ್ತಿದ್ಲು, ಊರವರ ತಪ್ಪೆಲ್ಲ ತಿದ್ದೋಳು ಮೊದ್ಲು ಇದನ್ನ ತಿದ್ದು. ಅಳಿಸುತ್ತೇನೆಯೇ, ಪ್ರಾಣ ಹೋದರೂ ಅಳಿಸೆನು, ಟೈಪಿಸ್ಟಳ ಕೈ ಹಿಡಿದು ಕುಣಿದುಬಿಟ್ಟೆ, ಯಂತ್ರದವರು ಯಂತ್ರ ನಿಲ್ಲಿಸಿ ನೋಡಿದರು, ನೋಡಲಿ, ಮೂರು ಸಲ ಚೊಕ್ಕ ಪ್ರತಿ ಮಾಡಿ ಕಳೆದುಕೊಂಡದ್ದನ್ನು ಒಂದು ಕೊಳಕು ಕರಡು ಒಂದು ರಾತ್ರಿಯಲ್ಲಿ ತಂದುಕೊಟ್ಟಿತು, ಅಕ್ಕಾ, ಬಂದೆ, ಸಂಜೆ ಸೀದಾ ನಿನ್ನ ಮನೆಗೇ ಬಂದೆ, ಆದರೆ ಗುರುವಾರ, ಗುರುವಾರವನ್ನು ನಾನು ಹೇಗೆ ಮರೆತೆ, ಸುಳ್ಳು ಬರೆಯುವ ಆತುರದಲ್ಲಿ ನಿಜವನ್ನೂ ಹೊಡೆದುಹಾಕಿದ್ದೆನೇ, ಹೌದು, ಗುರುವಾರ, ಕಿಟಕಿಯ ಹತ್ತಿರದ ಸ್ಟೂಲು, ಎಣ್ಣೆ ಹತ್ತಿದ ಮರದ ಬಾಚಣಿಗೆ, ಶೂ ಲೇಸಿನಷ್ಟು ಸಣ್ಣದಾಗಿದ್ದ ಬಿಳಿ ಜಡೆ, ಗಂಟು ಬಿಡಿಸುವಾಗ ಅಮ್ಮ ಕಣ್ಣು ಮುಚ್ಚಿ ಹಿಂದಕ್ಕೆ ಒರಗುತ್ತಿದ್ದಳು, ಭಾರವನ್ನೆಲ್ಲ ನನಗೆ ಬಿಟ್ಟು, ಗುರುವಾರ, ನನ್ನ ಅಂಗೈಯಲ್ಲಿ ಅಮ್ಮನ ತಲೆ, ಬೆಚ್ಚಗೆ, ಅಂಗೈಯಲ್ಲಿ ಅಮ್ಮನ ತಲೆ